ಪ್ರಸಾರದ ಜನಪ್ರಿಯತೆಯನ್ನು ಅಳೆಯುವ ಬಗೆ

ಒಂದು ವರ್ಷದಲ್ಲಿ ಅತ್ಯಂತ ಜನಪ್ರಿಯವಾದ ದೂರದರ್ಶನ ಪ್ರಸಾರ ಯಾವುದೆಂಬ ಪ್ರಶ್ನೆಗೆ ಉತ್ತರವು ಅಳತೆಯ ಕ್ರಮವನ್ನು ಅವಲಂಬಿಸಿದೆ. ಅಮೆರಿಕದಲ್ಲಿ ನೀಲ್ಸನ್ ಸಂಸ್ಥೆಯು ಕೆಲವು ಮಾದರಿ ಮನೆಗಳನ್ನು ಆರಿಸಿಕೊಂಡು, ಟೆಲಿವಿಷನ್ ಉಳ್ಳ ಮನೆಗಳ ಪೈಕಿ ಶೇಕಡಾ ಎಷ್ಟರಲ್ಲಿ ಒಂದು ಕಾರ್ಯಕ್ರಮವನ್ನು ನೋಡಿದರೆಂದು ಅಂದಾಜು ಮಾಡುತ್ತ ಬಂದಿದೆ. 1983ರ ಫೆಬ್ರವರಿ 28ರಂದು ಪ್ರಸಾರವಾದ ‘ಮ್ಯಾಷ್’ ಧಾರಾವಾಹಿಯ ಕೊನೆಯ ಕಂತಿಗೆ ಈ ಪ್ರಮಾಣವು 60.2, ನೋಡಿದವರು ಸುಮಾರು 10.6 ಕೋಟಿ. 2010ರ ‘ಸೂಪರ್ ಬೌಲ್’ ಪಂದ್ಯವನ್ನು ನೋಡಿದವರ ಸಂಖ್ಯೆ ಇದಕ್ಕಿಂತ ತುಸು ಹೆಚ್ಚು. ಪ್ರಮಾಣವಾದರೋ ಸುಮಾರು 45. ಟೆಲಿವಿಷನ್ ಉಳ್ಳ ಮನೆಗಳು ಆ ವೇಳೆಗೆ ಬಹಳ ಹೆಚ್ಚಿದ್ದುದೇ ಇದಕ್ಕೆ ಕಾರಣ.

ನಮ್ಮ ದೇಶದಲ್ಲಿ 1987ರ ಜನವರಿ 25ರಂದು ‘ರಾಮಾಯಣ’ ಧಾರಾವಾಹಿ ಆರಂಭವಾದಾಗ ಸ್ಥಿತಿ ಬೇರೆಯಾಗಿತ್ತು. ಅಂದು ಬೆಂಗಳೂರಿನ ಅಂಚಿನಲ್ಲಿದ್ದ ಜರಗನಹಳ್ಳಿಯಂಥ ಊರಿನಲ್ಲಿ ಹತ್ತು ಮನೆಯವರು ಒಂದೇ ಪೆಟ್ಟಿಗೆಯ ಮುಂದೆ ಕುಳಿತಿದ್ದರೆ, ಮನೆಗಳ ಲೆಕ್ಕದಲ್ಲಿ ಅದು ಒಂದೇ ಮನೆ. ಅಲ್ಲದೆ, ದೂರದರ್ಶನದ ಹೊರತು ಬೇರೆ ವಾಹಿನಿಯೇ ಇಲ್ಲದಾಗ ನೋಡುವುದು ಆಯ್ಕೆಯೆನಿಸದು.

ಇಂದು ಜಾಹೀರಾತಿನ ಹಣವು ಇಂಥ ಅಂಕಿಗಳನ್ನೇ ಅನುಸರಿಸುತ್ತದೆ. ಕನ್ನಡದ ಯಾವ ಕಾರ್ಯಕ್ರಮ ಉಳಿಯಬೇಕೆಂಬುದು ಬಹುಮಟ್ಟಿಗೆ ಅವುಗಳಿಂದ ನಿಶ್ಚಯವಾಗುತ್ತದೆ. ಆದುದರಿಂದ ಅಂಕಿಯನ್ನು ಒಪ್ಪುವ ಮೊದಲು, ಎಣಿಸಿದ್ದು ಮನೆಗಳನ್ನೋ ಜನರನ್ನೋ, ನೋಡುವವರಿಗೆ ಬೇರೆ ಆಯ್ಕೆಯಿತ್ತೋ ಎಂಬುದನ್ನು ನಾವು ವಿಚಾರಿಸತಕ್ಕದ್ದು.