ಡಾರ್ಮ್‌ಗೆ ಹೊರಟಾಗ ಚೈಲ್ಡ್ ಸಪೋರ್ಟ್ ಏನಾಗುತ್ತದೆ?

ಮರ್ಫಿಯಲ್ಲೋ ಪ್ಲೇನೋದಲ್ಲೋ ಬೆಳೆದ ನಿಮ್ಮಲ್ಲಿ ಕೆಲವರ ಅಪ್ಪ-ಅಮ್ಮ ಬೇರೆಯಾಗಿದ್ದಾರೆ. ಯುಗಾದಿ, ರಾಜ್ಯೋತ್ಸವ ಅಂತ ನಾವೆಲ್ಲ ಸೇರಿದಾಗ ಆ ಮಾತನ್ನು ಯಾರೂ ಎತ್ತುವುದಿಲ್ಲ. ಹಾಗಾಗಿ ಹದಿನೇಳರ ವಯಸ್ಸಿಗೆ ತಿಳಿದಿರಬೇಕಾದ ಹಣದ ವಿಷಯವೂ ತಿಳಿಯದೇ ಉಳಿಯುತ್ತದೆ. ನೀವು ಓದಲು ಮನೆ ಬಿಟ್ಟು ಹೊರಟರೆ, ಅವರಲ್ಲಿ ಒಬ್ಬರು ಇನ್ನೊಬ್ಬರಿಗೆ ಪ್ರತಿ ತಿಂಗಳು ಕೊಡುವ ಚೈಲ್ಡ್ ಸಪೋರ್ಟ್ ಏನಾಗುತ್ತದೆ?

ಟೆಕ್ಸಸ್‌ನಲ್ಲಿ ಮನೆ ಬಿಟ್ಟ ಮಾತ್ರಕ್ಕೆ ಅದು ನಿಲ್ಲುವುದಿಲ್ಲ. ಸಾಮಾನ್ಯವಾಗಿ ನಿಮಗೆ 18 ತುಂಬಬೇಕು, ಹೈಸ್ಕೂಲೂ ಮುಗಿಯಬೇಕು. ಎರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಕೊಡಬೇಕು. ನವೆಂಬರ್‌ನಲ್ಲಿ 18 ತುಂಬಿ, ಮೇ ತಿಂಗಳಲ್ಲಿ ಗ್ರ್ಯಾಜುಯೇಶನ್ ಆದರೆ ಮೇ ಕೊನೆಯವರೆಗೆ. ಡೆಂಟನ್‌ನ ಟ್ಯಾಮ್ಸ್ ಗೊತ್ತಲ್ಲ, ಟೆಕ್ಸಸ್ ಅಕಾಡೆಮಿ ಆಫ್ ಮ್ಯಾಥಮ್ಯಾಟಿಕ್ಸ್ ಅಂಡ್ ಸೈನ್ಸ್? ಹತ್ತನೇ ತರಗತಿ ಮುಗಿಸಿ ಅಲ್ಲಿಗೆ ಸೇರಿದವರು ಯೂನಿವರ್ಸಿಟಿಯ ಡಾರ್ಮ್‌ನಲ್ಲೇ ಇರುತ್ತಾರೆ. "ಮಗಳು ಈಗ ನಿನ್ನ ಮನೆಯಲ್ಲಿಲ್ಲವಲ್ಲ, ನಾನೇಕೆ ಕೊಡಲಿ?" ಎಂದು ಅಪ್ಪ ತಾವಾಗಿಯೇ ನಿಲ್ಲಿಸುವಂತಿಲ್ಲ. ಕೋರ್ಟಿನ ಆದೇಶ ಬದಲಾಗುವವರೆಗೆ ಹಳೆಯ ಮೊತ್ತವೇ ಲೆಕ್ಕಕ್ಕೆ. ಇಬ್ಬರೂ ಫೋನಿನಲ್ಲಿ ಮಾತಾಡಿಕೊಂಡು ಕಡಿಮೆ ಮಾಡಿದರೆ ಕಾಗದದ ಮೇಲೆ ಬಾಕಿ ಬೆಳೆಯುತ್ತದೆ, ಬಡ್ಡಿಯೂ ಸೇರುತ್ತದೆ. ಬದಲಾವಣೆಗೆ ಅರ್ಜಿ ಹಾಕಿ ಇನ್ನೊಬ್ಬರಿಗೆ ಅದರ ನೋಟಿಸು ತಲುಪುವ ಮೊದಲಿನ ತಿಂಗಳುಗಳ ಬಾಕಿಯನ್ನು ಕೋರ್ಟು ಆಮೇಲೆ ಅಳಿಸಿಕೊಡುವುದಿಲ್ಲ.

ತಮ್ಮನೋ ತಂಗಿಯೋ ಇನ್ನೂ ಮನೆಯಲ್ಲಿದ್ದರೆ? ಇಬ್ಬರು ಮಕ್ಕಳಿಗೆ ಕೊಡುವವರ ನಿವ್ವಳ ಆದಾಯದ ಶೇ. 25, ಒಬ್ಬರಿಗೆ ಶೇ. 20 ಎಂಬುದು ಇಲ್ಲಿಯ ಮಾರ್ಗಸೂಚಿ. ತಿಂಗಳಿಗೆ 8,000 ಡಾಲರ್ ನಿವ್ವಳವಾದರೆ ಇಬ್ಬರಿಗೆ 2,000. ಅಕ್ಕನ ಹೈಸ್ಕೂಲು ಮುಗಿದಾಗ ಅದು 1,000 ಆಗುವುದಿಲ್ಲ, 1,600 ಆಗುತ್ತದೆ. 'ಒಬ್ಬಳು ಹೋದಳು, ಇನ್ನು ಅರ್ಧ ಸಾಕು' ಎನ್ನುವ ಲೆಕ್ಕದಲ್ಲಿ ನಷ್ಟವಾಗುವುದು ಮನೆಯಲ್ಲಿ ಉಳಿದ ತಮ್ಮನಿಗೆ. ಬಹಳಷ್ಟು ಆದೇಶಗಳಲ್ಲಿ ಈ ಇಳಿಕೆ ಮೊದಲೇ ಬರೆದಿರುತ್ತದೆ. ಇಲ್ಲದಿದ್ದರೆ ಅಟಾರ್ನಿ ಜನರಲ್ ಕಚೇರಿಯ ಚೈಲ್ಡ್ ಸಪೋರ್ಟ್ ವಿಭಾಗಕ್ಕೋ ಕೋರ್ಟಿಗೋ ಅರ್ಜಿ ಹಾಕಬೇಕು.

ಇನ್ನು ಕಾಲೇಜು. ಹೆಚ್ಚು ಜನ ಎಡವುವುದು ಇಲ್ಲೇ. ಅಪ್ಪ-ಅಮ್ಮ ಮೊದಲೇ ಒಪ್ಪಿ ಬರೆದುಕೊಂಡಿರದಿದ್ದರೆ, ಕಾಲೇಜು ಫೀಸು ಕಟ್ಟಿ ಎಂದು ಟೆಕ್ಸಸ್ ಕೋರ್ಟು ಅವರಿಗೆ ಆದೇಶಿಸುವುದಿಲ್ಲ. ಶಿಕಾಗೋದಲ್ಲಿರುವ ನಿಮ್ಮ ಕಸಿನ್ ಬೇರೆಯೇ ಕಥೆ ಹೇಳಬಹುದು. ಇಲಿನಾಯ್ ಕೋರ್ಟುಗಳಿಗೆ ಆ ಅಧಿಕಾರವಿದೆ. ಬೆಂಗಳೂರಿನ ಅಜ್ಜಿ "ಓದಿಸುವುದು ಅಪ್ಪನ ಹೊಣೆ, ಕಾನೂನೇ ಇದೆ" ಎಂದರೆ ಅವರೂ ಸುಳ್ಳು ಹೇಳುತ್ತಿಲ್ಲ. ತನ್ನ ಖರ್ಚು ತಾನೇ ನೋಡಿಕೊಳ್ಳಲಾಗದ, ಮದುವೆಯಾಗದ ಮಗಳಿಗೆ 18 ದಾಟಿದ ಮೇಲೂ ಜೀವನಾಂಶದ ಹಕ್ಕನ್ನು 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಕೊಡುತ್ತದೆ. ಓದಿನ ಖರ್ಚೂ ಅದರಲ್ಲಿ ಸೇರಿದೆ. ಆದರೆ ಅದು ಅಲ್ಲಿಯ ಕಾನೂನು. ಇಲ್ಲಿ ನಿಮ್ಮ ಪಾಲಿಗೆ ಇರುವುದು ಡಿವೋರ್ಸ್ ಡಿಕ್ರಿ.

ಅದರ ಪ್ರತಿಯನ್ನು ಅಪ್ಪನನ್ನೋ ಅಮ್ಮನನ್ನೋ ಕೇಳಿ. ಸಂಕೋಚವಾಗುತ್ತದೆ, ನಿಜ, ಆದರೂ ಸೀನಿಯರ್ ವರ್ಷ ಶುರುವಾಗುವ ಮೊದಲೇ ಕೇಳಿ. ಕಾಲೇಜಿನ ಮಾತು ಅದರಲ್ಲಿದ್ದರೆ ಎಷ್ಟು ವರ್ಷ, ಬರೀ ಫೀಸೋ ಅಥವಾ ಡಾರ್ಮ್ ಮತ್ತು ಊಟದ ಖರ್ಚೂ ಸೇರಿದೆಯೋ ನೋಡಿ. ಬರೆದದ್ದನ್ನು ಕರಾರಿನಂತೆ ಜಾರಿ ಮಾಡಿಸಬಹುದು. ಬರೆದಿಲ್ಲದಿದ್ದರೆ ಇಬ್ಬರೂ ಈಗಲೂ ಕೂತು, ವಕೀಲರ ಸಹಾಯದಿಂದ ಬರೆದುಕೊಳ್ಳಬಹುದು.

ಆರ್ಥಿಕ ನೆರವಿಗಾಗಿ ತುಂಬುವ ಫಾಫ್ಸಾ ಅರ್ಜಿಯ ನಿಯಮವೂ 2024-25ರಿಂದ ಬದಲಾಗಿದೆ. ನೀವು ಯಾರ ಜೊತೆ ಹೆಚ್ಚು ದಿನ ಇದ್ದಿರಿ ಎನ್ನುವುದಲ್ಲ, ಹಿಂದಿನ 12 ತಿಂಗಳಲ್ಲಿ ಯಾರು ನಿಮಗೆ ಹೆಚ್ಚು ಹಣ ಖರ್ಚು ಮಾಡಿದರೋ ಅವರ ವಿವರ ಅದರಲ್ಲಿ ಹೋಗಬೇಕು. ಚೈಲ್ಡ್ ಸಪೋರ್ಟ್ ನಿಂತರೂ ಅಪ್ಪ ಅಥವಾ ಅಮ್ಮನ ಕಂಪನಿಯ ಆರೋಗ್ಯ ವಿಮೆ ಮಕ್ಕಳಿಗೂ ಅನ್ವಯಿಸುವುದಾದರೆ 26 ತುಂಬುವವರೆಗೆ ನೀವು ಅದರಲ್ಲಿ ಉಳಿಯಬಹುದು. ಡಾರ್ಮ್‌ಗೆ ಹೊರಡುವಾಗ ಆ ವಿಮೆಯ ಕಾರ್ಡಿನ ಪ್ರತಿಯೊಂದನ್ನು ಜೊತೆಗಿಟ್ಟುಕೊಳ್ಳಿ.