ಗ್ಯಾಸ್ ಹಾಕಿದರೆ ಸಾಲದು

ಬಳ್ಳಾರಿ, ಸಂಡೂರು, ಹೊಸಪೇಟೆ ಕಡೆ ಬೇಸಿಗೆ ಬಂತೆಂದರೆ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಅದಿರು ಲಾರಿಯ ಕಿಟಕಿ ತೆರೆದರೆ ಕೆಂಪು ದೂಳು, ಮುಚ್ಚಿದರೆ ಎಂಜಿನ್ ಕಾವು. ಇಲ್ಲಿ ಎಸಿ ಶೋಕಿಯ ಮಾತಲ್ಲ. ಅದು ಕೆಟ್ಟಾಗ ಡ್ರೈವರು ಹುಡುಕಿಕೊಂಡು ಹೋಗುವುದು ಹೆದ್ದಾರಿ ಬದಿಯ ಆಟೋ ಎಸಿ ಅಂಗಡಿಯನ್ನು. ಜೋಡಿ ಗೇಜು, ವ್ಯಾಕ್ಯೂಮ್ ಪಂಪು, ಗ್ಯಾಸ್ ಸಿಲಿಂಡರು, ಸೋಪಿನ ನೀರು: ಅಂಗಡಿಯ ಬಂಡವಾಳ ಹೆಚ್ಚುಕಡಿಮೆ ಇಷ್ಟೇ. ಉಳಿದದ್ದು ಕೈ, ಕಣ್ಣು, ಕಿವಿಗಳ ಪಳಗಿಕೆ.

ನಮ್ಮ ಲಾರಿಗಳಿಗೆ ಎಸಿ ಬಂದದ್ದೇ ತಡವಾಗಿ. ಬೆಂಗಳೂರು ಬಳಿಯ ಹೊಸಕೋಟೆಯಲ್ಲಿ 1998ರಲ್ಲಿ ವೋಲ್ವೊ ಟ್ರಕ್ಕುಗಳ ತಯಾರಿಕೆ ಶುರುವಾದ ಮೇಲೂ ಬಹುಪಾಲು ಲಾರಿಗಳು ಫ್ಯಾನಿನ ಗಾಳಿಯಲ್ಲೇ ಓಡಿದವು. ಅನುಕೂಲವಿದ್ದವರು ಹೊರಗೆ ಎಸಿ ಕಿಟ್ ಹಾಕಿಸಿಕೊಂಡರು. ಒಟ್ಟು ತೂಕ 3.5 ಟನ್ನಿಗಿಂತ ಹೆಚ್ಚಿರುವ, 2025ರ ಅಕ್ಟೋಬರ್ 1ರಿಂದ ತಯಾರಾಗುವ ಸರಕು ವಾಹನಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯ ಎಂದು ಕೇಂದ್ರ ಸಾರಿಗೆ ಸಚಿವಾಲಯ 2023ರ ಡಿಸೆಂಬರ್‌ನಲ್ಲಿ ಅಧಿಸೂಚನೆ ಹೊರಡಿಸಿತು. ಅದು ಹೊಸ ಗಾಡಿಗಳ ಮಾತು. ಹಳೆಯವಕ್ಕೆ ಈ ಮೆಕ್ಯಾನಿಕ್‌ಗಳೇ ದಿಕ್ಕು.

"ಗಾಳಿ ಬರ್ತೈತಣ್ಣ, ತಂಪೇ ಇಲ್ಲ. ಒಂದೀಟು ಗ್ಯಾಸ್ ಹಾಕು." ಬಂದವರೆಲ್ಲರ ಬೇಡಿಕೆ ಹೆಚ್ಚಾಗಿ ಇದೇ. ಆದರೆ ಎಸಿಯ ಗ್ಯಾಸ್ ಡೀಸೆಲ್‌ನಂತೆ ಉರಿದು ಮುಗಿಯುವುದಿಲ್ಲ. ಕಂಪ್ರೆಸರ್, ಕಂಡೆನ್ಸರ್, ಡ್ರೈಯರ್, ಎಕ್ಸ್‌ಪ್ಯಾನ್ಷನ್ ವಾಲ್ವ್, ಕೂಲಿಂಗ್ ಕಾಯಿಲ್ ಎಂಬ ಮುಚ್ಚಿದ ದಾರಿಯಲ್ಲಿ ಅದು ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ. ಆ ಜಾಗ ಹುಡುಕದೆ ಗ್ಯಾಸ್ ತುಂಬುವುದು ಪಂಕ್ಚರ್ ಟ್ಯೂಬಿಗೆ ಗಾಳಿ ಹೊಡೆದಂತೆ.

ನುರಿತವನು ಮೊದಲು ಕಿವಿಗೊಡುತ್ತಾನೆ. ಎಸಿ ಸ್ವಿಚ್ ಒತ್ತಿದಾಗ ಕಂಪ್ರೆಸರಿನ ಕ್ಲಚ್ 'ಟಕ್' ಎಂದು ಹಿಡಿಯಬೇಕು. ಹಿಡಿಯದಿದ್ದರೆ ಫ್ಯೂಸ್, ರಿಲೇ, ವೈರು ನೋಡುತ್ತಾನೆ. ಅವು ಸರಿಯಿದ್ದರೆ ಗ್ಯಾಸ್ ಇಳಿದು ಪ್ರೆಷರ್ ಸ್ವಿಚ್ಚೇ ಕಂಪ್ರೆಸರನ್ನು ತಡೆದಿರಬಹುದು. ಆಮೇಲೆ ಗೇಜು. ತಣ್ಣಗೆ ನಿಂತ ಗಾಡಿಯಲ್ಲಿ, ಸುತ್ತಲಿನ ಶಾಖ 30 ಡಿಗ್ರಿ ಇದ್ದಾಗ, ಎಸಿಯಲ್ಲಿರುವ ಆರ್-134ಎ ಗ್ಯಾಸಿನ ಒತ್ತಡ ಸುಮಾರು 95ರಿಂದ 100 ಪಿಎಸ್‌ಐ ತೋರಿಸಬೇಕು. ಮುಳ್ಳು ತೀರ ಕೆಳಗಿದ್ದರೆ ಗ್ಯಾಸ್ ಹೆಚ್ಚುಕಡಿಮೆ ಖಾಲಿ.

ಈಗ ಶುರು ನಿಜವಾದ ಕೆಲಸ. ಗ್ಯಾಸಿನ ಜೊತೆ ಕಂಪ್ರೆಸರಿನ ಎಣ್ಣೆಯೂ ಸುತ್ತುವುದರಿಂದ ಸೋರುವ ಜಾಗದಲ್ಲಿ ಎಣ್ಣೆಯ ಪಸೆ ಇರುತ್ತದೆ. ಪೈಪಿನ ಉದ್ದಕ್ಕೂ ಒಣ ಕೆಂಪು ದೂಳು. ಒಂದು ಜಾಯಿಂಟಿನಲ್ಲಿ ಮಾತ್ರ ಅದು ಕಪ್ಪಗೆ ಅಂಟಂಟಾಗಿದ್ದರೆ ಕಣ್ಣು ಅಲ್ಲೇ ನಿಲ್ಲುತ್ತದೆ. ನೈಟ್ರೋಜನ್ ತುಂಬಿ ಸೋಪಿನ ನೊರೆ ಹಚ್ಚಿದರೆ ಗುಳ್ಳೆ ಏಳುತ್ತದೆ. ಹಳೆಯ ಲಾರಿಯಲ್ಲಿ ಕಳ್ಳ ಸಿಗುವ ತಾಣಗಳು ಗೊತ್ತಿದ್ದದ್ದೇ: ಗಡಸಾದ ಓ-ರಿಂಗು, ಚಾಸಿಗೆ ಉಜ್ಜಿ ಸವೆದ ಪೈಪು, ಕಲ್ಲು ಬಡಿದ ಕಂಡೆನ್ಸರ್, ಕಂಪ್ರೆಸರಿನ ಶಾಫ್ಟ್ ಸೀಲು.

ಕಂಪ್ರೆಸರೇ ಜಾಮ್ ಆಗಿದ್ದರೆ ಖರ್ಚು ಹೆಚ್ಚು. ಒಳಗಿನ ಎಣ್ಣೆ ಕಪ್ಪಾಗಿ ಲೋಹದ ಪುಡಿ ಮಿನುಗಿದರೆ ಆ ಪುಡಿ ಪೈಪುಗಳಲ್ಲೂ ಹರಡಿರುತ್ತದೆ. ಪೈಪು ತೊಳೆಯದೆ, ಡ್ರೈಯರ್ ಬದಲಿಸದೆ ಹೊಸ ಕಂಪ್ರೆಸರ್ ಕೂರಿಸಿದರೆ ಅದಕ್ಕೂ ಅದೇ ಗತಿ.

ಸೋರಿಕೆ ಮುಚ್ಚಿದ ಮೇಲೆ ವ್ಯಾಕ್ಯೂಮ್. ಅರ್ಧ ಗಂಟೆಗೆ ಕಡಿಮೆಯಿಲ್ಲದೆ ಪಂಪು ಓಡಬೇಕು. ಒತ್ತಡ ಅಷ್ಟು ಇಳಿದಾಗ ಒಳಗಿನ ತೇವ ಮಾಮೂಲಿ ಶಾಖದಲ್ಲೇ ಕುದ್ದು ಆವಿಯಾಗಿ ಹೊರಬರುತ್ತದೆ. ತೇವ ಉಳಿದರೆ ವಾಲ್ವಿನಲ್ಲಿ ಮಂಜುಗಡ್ಡೆ ಕಟ್ಟುತ್ತದೆ, ಆಮ್ಲವಾಗಿ ಲೋಹ ತಿನ್ನುತ್ತದೆ. ಪಂಪು ನಿಲ್ಲಿಸಿದ ಮೇಲೂ ಮುಳ್ಳು ಕದಲದಿದ್ದರೆ ಕೆಲಸ ಕೆಟ್ಟಿಲ್ಲ ಎಂದರ್ಥ. ಕೊನೆಗೆ ಸಿಲಿಂಡರನ್ನು ತಕ್ಕಡಿಯ ಮೇಲಿಟ್ಟು, ಗಾಡಿಯ ಸ್ಟಿಕ್ಕರ್ ಹೇಳಿದಷ್ಟೇ ಗ್ರಾಂ ಗ್ಯಾಸ್. ಜಾಸ್ತಿ ಹಾಕಿದರೆ ತಂಪು ಹೆಚ್ಚುವುದಿಲ್ಲ. ಒತ್ತಡ ಏರಿ ಇದ್ದ ತಂಪೂ ಹೋಗುತ್ತದೆ.

ಅವಸರದ ಅಂಗಡಿಗಳಲ್ಲಿ ಹಳೆಯ ಗ್ಯಾಸನ್ನು ಬುಸ್ಸೆಂದು ಗಾಳಿಗೆ ಬಿಡುವುದುಂಟು. ಆರ್-134ಎ ಓಝೋನ್ ಪದರಕ್ಕೆ ಕೇಡು ಮಾಡದು ನಿಜ. ಆದರೆ ಅದರ ಒಂದು ಕಿಲೋ, ನೂರು ವರ್ಷಗಳ ಲೆಕ್ಕದಲ್ಲಿ, ಸುಮಾರು 1,430 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ಯಂತ್ರದಿಂದ ಎಳೆದು ಸಿಲಿಂಡರಿಗೆ ತುಂಬಿಕೊಳ್ಳುವ ಅಂಗಡಿಗೇ ಹೋಗುವುದು ಮೇಲು.

ಲಾರಿ ಮಾಲೀಕರು ನೆನಪಿಡಬೇಕಾದದ್ದು ಇಷ್ಟು. ಕಂಡೆನ್ಸರಿಗೆ ಮೆತ್ತಿದ ದೂಳನ್ನು ನೀರಿನ ಹಗುರ ಧಾರೆಯಿಂದ ಆಗಾಗ ತೊಳೆಸಿ. ಮಳೆಗಾಲ, ಚಳಿಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎಸಿ ಓಡಿಸಿ. ಎಣ್ಣೆ ಸುತ್ತಿ ಸೀಲುಗಳು ಒಣಗದೆ ಉಳಿಯುತ್ತವೆ. ಕೆಟ್ಟಾಗ ಗ್ಯಾಸಿನ ರೇಟು ಕೇಳುವ ಮೊದಲು, ಎಲ್ಲಿ ಸೋರಿದೆ ತೋರಿಸಿ ಎಂದು ಕೇಳಿ. ಬೆರಳಿಟ್ಟು ತೋರಿಸಬಲ್ಲವನ ಕೈಗೆ ಗಾಡಿ ಕೊಡಿ.