1954: ಕನ್ನಡ ತೆರೆಯ ಲೆಕ್ಕದಲ್ಲಿ

ಜಗತ್ತಿನ ಸಿನಿಮಾ ಚರಿತ್ರೆಯಲ್ಲಿ 1954ಕ್ಕೆ ದೊಡ್ಡ ಹೆಸರಿದೆ. ಜಪಾನಿನಲ್ಲಿ ಕುರೊಸಾವಾ ಅವರ 'ಸೆವೆನ್ ಸಮುರಾಯ್', ಇಟಲಿಯಲ್ಲಿ ಫೆಲಿನಿಯವರ 'ಲಾ ಸ್ಟ್ರಾಡಾ' ತೆರೆಕಂಡದ್ದು ಆ ವರ್ಷವೇ. ಎಚ್.ಎಲ್.ಎನ್. ಸಿಂಹ ನಿರ್ದೇಶಿಸಿದ 'ಬೇಡರ ಕಣ್ಣಪ್ಪ'ನೂ ಆಗಲೇ ಬಂದ. ಕನ್ನಡಿಗರ ಮಟ್ಟಿಗೆ ಆ ವರ್ಷದ ತೂಕ ಈ ಚಿತ್ರದಲ್ಲಿದೆ ಎಂಬುದು ನನ್ನ ವಾದ. ಗುಬ್ಬಿ ಕಂಪನಿಯ ರಂಗದ ಮೇಲೆ ಪಳಗಿದ ಮುತ್ತುರಾಜ್ ಇಲ್ಲಿ ರಾಜ್‌ಕುಮಾರ್ ಆಗಿ ಮೊದಲ ಬಾರಿಗೆ ನಾಯಕರಾದರು. ನರಸಿಂಹರಾಜು ಅವರೂ ಇದೇ ಚಿತ್ರದಿಂದ ತೆರೆಗೆ ಬಂದರು. ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅರ್ಹತಾ ಪತ್ರ ಪಡೆದ ಮೊದಲ ಕನ್ನಡ ಚಿತ್ರವೂ ಇದೇ.

ಇದು ಪುರಾಣಕಥೆ, ನಾಟಕದ ನೆರಳು, ಮೇಲಾಗಿ ಮದ್ರಾಸಿನಲ್ಲಿ ತಯಾರಾದದ್ದು ಎಂಬ ಆಕ್ಷೇಪ ಉಂಟು. ಮೂರೂ ನಿಜ. ಆದರೆ ಆ ಕಾಲದ ನಕಾಶೆ ನೋಡಿ: ಕೊಪ್ಪಳ, ಯಲಬುರ್ಗಾ, ಕುಷ್ಟಗಿ, ಗಂಗಾವತಿಯ ಊರುಗಳು ಹೈದರಾಬಾದ್ ರಾಜ್ಯದಲ್ಲಿದ್ದವು, ಹುಬ್ಬಳ್ಳಿ, ಧಾರವಾಡ ಮುಂಬಯಿಯಲ್ಲಿ, ಬೆಂಗಳೂರು ಮೈಸೂರಿನಲ್ಲಿ. ಏಕೀಕರಣವಾದದ್ದು 1956ರ ನವೆಂಬರ್ 1ರಂದು. ಹಂಚಿಹೋಗಿದ್ದ ಜನಕ್ಕೆ ಒಂದೇ ನುಡಿಯಲ್ಲಿ ತಲುಪಬೇಕಾದರೆ, ಕಂಪನಿ ನಾಟಕಗಳಿಂದ ಎಲ್ಲರಿಗೂ ಪರಿಚಿತವಾಗಿದ್ದ ಶಿವಭಕ್ತನ ಕಥೆಗಿಂತ ಹತ್ತಿರದ ದಾರಿ ಯಾವುದಿತ್ತು? ರಂಗದ ಮಾತುಗಾರಿಕೆ ಅದರ ದೋಷವಲ್ಲ, ಬಂಡವಾಳ. ಕನ್ನಡ ಚಿತ್ರಕ್ಕೆ ಸ್ವಂತ ನೆಲೆ ಗಟ್ಟಿಯಾಗಿರದ ಆ ದಿನಗಳಲ್ಲಿ ಮದ್ರಾಸು ಅನಿವಾರ್ಯವಾಗಿತ್ತು. 'ಸೆವೆನ್ ಸಮುರಾಯ್' ಕಲೆಯಾಗಿ ಹಿರಿದು, ಒಪ್ಪುತ್ತೇನೆ. ಆದರೆ ಕನ್ನಡ ಚಿತ್ರರಂಗದ ಮುಂದಿನ ಅರ್ಧ ಶತಮಾನಕ್ಕೆ ತಳಪಾಯ ಹಾಕಿದ್ದು 'ಬೇಡರ ಕಣ್ಣಪ್ಪ'.